ಅದೇ ಯಂತ್ರ, ಅದೇ ನಿಯಮ: ಸೇವೆಯಲ್ಲಿ ವ್ಯತ್ಯಾಸವೇಕೆ?



ಸಂತೆಯಲ್ಲಿ ಗಡಿಗೆ ಕೊಳ್ಳುವವರು ಅದನ್ನು ಕೈಯಲ್ಲಿ ಹಿಡಿದು ಬೆರಳಿನಿಂದ ಬಾರಿಸಿ ನೋಡುತ್ತಾರೆ. ದನಿ ಗಟ್ಟಿಯಾಗಿದ್ದರೆ ಹಣ ಕೊಡುತ್ತಾರೆ. ಒಡಕು ದನಿ ಬಂದರೆ ಕೆಳಗಿಟ್ಟು ಮುಂದಕ್ಕೆ ನಡೆಯುತ್ತಾರೆ. ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ನೋಡುವುದು, ಜೋಳದ ಕಾಳನ್ನು ಬಾಯಿಗೆ ಹಾಕಿ ಕಡಿದು ನೋಡುವುದು ನಮ್ಮ ಮನೆಗಳ ಹಿರಿಯರಿಗೆ ಸಹಜವಾದ ವಿದ್ಯೆ. ಆದರೆ ದಾದಿಯ ಆರೈಕೆಯನ್ನು, ಬ್ಯಾಂಕಿನ ಗುಮಾಸ್ತರ ನೆರವನ್ನು, ಬಸ್ ನಿರ್ವಾಹಕರ ಮಾತನ್ನು, ಶಿಕ್ಷಕರ ಪಾಠವನ್ನು ಹೀಗೆ ಮೊದಲೇ ಬಾರಿಸಿ ನೋಡಲು ಬರುವುದಿಲ್ಲ. ಅವು ಹುಟ್ಟುವ ಕ್ಷಣ ಮತ್ತು ನಾವು ಅವುಗಳನ್ನು ಪಡೆಯುವ ಕ್ಷಣ ಎರಡೂ ಒಂದೇ. ಒಡಕು ಗಡಿಗೆಯನ್ನು ಹಿಂದಿರುಗಿಸಬಹುದು. ಒಡಕು ಮಾತನ್ನು ಹಿಂದಿರುಗಿಸುವುದು ಹೇಗೆ?

ಈ ವಿಚಾರ ನನ್ನ ಮನಸ್ಸಿನಲ್ಲಿ ಬೇರೂರಿದ್ದು ಒಂದು ಸಣ್ಣ ಪ್ರಸಂಗದಿಂದ. ಅದನ್ನು ತಮ್ಮ ಮುಂದಿಟ್ಟು ಮುಂದುವರಿಯುವೆ.

ನನ್ನ ಸೋದರತ್ತೆಗೆ ಎಂಬತ್ತರ ಹತ್ತಿರದ ವಯಸ್ಸು. ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದ ಮಾವನವರು ತೀರಿಕೊಂಡ ಮೇಲೆ ಬರುವ ಕುಟುಂಬ ಪಿಂಚಣಿಯೇ ಅವರ ಆಧಾರ. ಮಕ್ಕಳು ಕೈಬಿಟ್ಟವರೇನಲ್ಲ, ಆದರೂ ತಮ್ಮ ಔಷಧಿಗೆ, ಮೊಮ್ಮಕ್ಕಳ ಕೈಗಿಡುವ ಹತ್ತಿಪ್ಪತ್ತು ರೂಪಾಯಿಗೆ ಯಾರ ಮುಂದೆಯೂ ಕೈಚಾಚಬಾರದೆಂಬುದು ಅವರ ಹಟ. ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ ಪಿಂಚಣಿದಾರರು ತಾವು ಬದುಕಿರುವುದಕ್ಕೆ ಜೀವಿತ ಪ್ರಮಾಣಪತ್ರ ಕೊಡಬೇಕೆಂಬುದು ತಮಗೆಲ್ಲ ತಿಳಿದ ಸಂಗತಿ. 2014ರಲ್ಲಿ ಕೇಂದ್ರ ಸರ್ಕಾರ ‘ಜೀವನ್ ಪ್ರಮಾಣ್’ ಎಂಬ ವ್ಯವಸ್ಥೆ ತಂದ ಮೇಲೆ ಯಂತ್ರದ ಮೇಲೆ ಬೆರಳಿಟ್ಟರೆ ಕೆಲಸ ಮುಗಿಯುವ ಅನುಕೂಲವೂ ಬಂದಿದೆ. ಆದರೆ ಅರವತ್ತು ವರ್ಷ ರೊಟ್ಟಿ ಬಡಿದು, ಪಾತ್ರೆ ತಿಕ್ಕಿ ಸವೆದ ಬೆರಳನ್ನು ಆ ಯಂತ್ರ ಗುರುತಿಸಬೇಕಲ್ಲ!

ಮೊದಲ ದಿನ ಬ್ಯಾಂಕಿನ ಕಿಟಕಿಯ ಆಚೆ ಕುಳಿತಿದ್ದವರು ಎರಡು ಬಾರಿ ಪ್ರಯತ್ನಿಸಿ, “ಬಟ್ಟು ಬರವಲ್ದರಿ, ನಾಳೆ ಬರ್ರಿ” ಎಂದರು. ಮರುದಿನವೂ ಅದೇ ಮಾತು. ಅತ್ತೆ ಮನೆಗೆ ಬಂದು ಊಟ ಮಾಡದೆ ಮಲಗಿದರು. “ನಾ ಇನ್ನೂ ಜೀವಂತ ಅದೀನಿ ಅಂತ ನನ್ನ ಕೈನ ಹೇಳವಲ್ದಲ್ಲೋ” ಎಂದು ಅವರು ಹೇಳಿದ ಮಾತು ನನಗೆ ಇಂದಿಗೂ ಮರೆತಿಲ್ಲ.

ಮೂರನೆಯ ದಿನ ನಾನೇ ಜೊತೆಗೆ ಹೋದೆ. ಅಂದು ಆ ಆಸನದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ತರುಣಿಯೊಬ್ಬಳಿದ್ದಳು. ಒಮ್ಮೆ ಬೆರಳು ಬರಲಿಲ್ಲ. ಆಕೆ ಎದ್ದು ಕಿಟಕಿಯ ಈಚೆಗೆ ಬಂದು, ಅತ್ತೆಯನ್ನು ಬೆಂಚಿನ ಮೇಲೆ ಕುಳ್ಳಿರಿಸಿ, “ಅಮ್ಮಾರ, ಗಾಬರಿ ಆಗಬ್ಯಾಡ್ರಿ, ಕೈ ಇಲ್ಲಿ ಕೊಡ್ರಿ” ಎಂದಳು. ನೋಟು ಎಣಿಸುವಾಗ ಬೆರಳು ಒದ್ದೆ ಮಾಡಿಕೊಳ್ಳುವ ಸ್ಪಂಜಿನ ಡಬ್ಬಿ ಪ್ರತಿ ಬ್ಯಾಂಕಿನಲ್ಲಿಯೂ ಇರುತ್ತದೆ. ಆ ಡಬ್ಬಿಯನ್ನು ತಂದು ಅತ್ತೆಯ ಒಂದೊಂದೇ ಬೆರಳನ್ನು ತುಸು ತೇವಗೊಳಿಸಿ, ಬಟ್ಟೆಯಿಂದ ಒತ್ತಿ, ಯಂತ್ರದ ಮೇಲಿಟ್ಟು ನೋಡಿದಳು. ಎಡಗೈಯ ಉಂಗುರದ ಬೆರಳು ಸರಿಹೋಯಿತು. “ಇದೂ ಬರದಿದ್ದರ ಕಾಗದದ ಫಾರ್ಮಿನಾಗ ಸಹಿ ತಗೋತಿದ್ದೆ, ನೀವು ಮತ್ತ ಬರೂ ಕಾರಣ ಇರಲಿಲ್ಲ” ಎಂದು ನಕ್ಕಳು. ಎಲ್ಲ ಸೇರಿ ಹತ್ತು ನಿಮಿಷ ಹಿಡಿದಿರಬಹುದು.

ಅದೇ ಶಾಖೆ, ಅದೇ ಯಂತ್ರ, ಅದೇ ನಿಯಮ. ಕಾಗದದ ಅರ್ಜಿಗೆ ಮೊದಲ ದಿನವೂ ಅವಕಾಶವಿತ್ತು. ಸ್ಪಂಜಿನ ಡಬ್ಬಿ ಮೊದಲ ದಿನವೂ ಮೇಜಿನ ಮೇಲಿತ್ತು. ಹಾಗಾದರೆ ಎರಡು ದಿನಗಳ ಅವಮಾನಕ್ಕೂ ಹತ್ತು ನಿಮಿಷದ ನೆಮ್ಮದಿಗೂ ನಡುವೆ ಇದ್ದ ವ್ಯತ್ಯಾಸವಾದರೂ ಏನು? ಕೆಲಸ ಮಾಡುವವರ ಮನಸ್ಸು ಎಂದು ಒಂದೇ ಮಾತಿನಲ್ಲಿ ಉತ್ತರಿಸಿ ಮುಗಿಸಿಬಿಡಬಹುದು. ಆದರೆ ಆ ಮನಸ್ಸು ಒಬ್ಬರಲ್ಲಿ ಏಕೆ ಇರುತ್ತದೆ, ಇನ್ನೊಬ್ಬರಲ್ಲಿ ಏಕೆ ಬಾಡುತ್ತದೆ, ಅದನ್ನು ಬೆಳೆಸುವ ಹೊಣೆ ಯಾರದು ಎಂಬುದನ್ನು ಆಲೋಚಿಸಿದಾಗಲೇ ನಮಗೆ ಪ್ರಯೋಜನ.

ಪಂಡಿತರು ಕಂಡ ಐದು ಮುಖಗಳು

ಸೇವೆಯ ಗುಣಮಟ್ಟವನ್ನು ಶಾಸ್ತ್ರೀಯವಾಗಿ ಅಳೆಯುವ ಪ್ರಯತ್ನ ಬಹಳ ಹಳೆಯದೇನೂ ಅಲ್ಲ. 1985ರಲ್ಲಿ ಅಮೆರಿಕದಲ್ಲಿ ಮೂವರು ವಿದ್ವಾಂಸರು ಬ್ಯಾಂಕು, ಕ್ರೆಡಿಟ್ ಕಾರ್ಡ್, ಷೇರು ದಲ್ಲಾಳಿ ಮತ್ತು ಯಂತ್ರಗಳ ದುರಸ್ತಿ ಎಂಬ ನಾಲ್ಕು ಬಗೆಯ ಸೇವೆಗಳನ್ನು ಅಭ್ಯಸಿಸಿ ಒಂದು ಪ್ರಬಂಧ ಪ್ರಕಟಿಸಿದರು. ಆ ಮೂವರಲ್ಲಿ ಮೊದಲಿಗರು ಮದ್ರಾಸಿನ ಐ.ಐ.ಟಿ.ಯಲ್ಲಿ ಓದಿದ ಎ. ಪರಶುರಾಮನ್, ಉಳಿದವರು ವ್ಯಾಲರಿ ಜೈಥಾಮಲ್ ಮತ್ತು ಲಿಯೊನಾರ್ಡ್ ಬೆರಿ. 1988ರಲ್ಲಿ ಇವರು ಗುಣಮಟ್ಟಕ್ಕೆ ಐದು ಮುಖಗಳನ್ನು ಗುರುತಿಸಿದರು. ಹೇಳಿದ್ದನ್ನು ಹೇಳಿದಂತೆ ನಡೆಸಿಕೊಡುವ ನಂಬಿಕೆ. ಕೇಳಿದಾಗ ತಡಮಾಡದೆ ಒದಗುವ ತತ್ಪರತೆ. ತಿಳಿವಳಿಕೆ ಮತ್ತು ಸೌಜನ್ಯದಿಂದ ಹುಟ್ಟಿಸುವ ಭರವಸೆ. ಎದುರಿಗಿರುವವರ ಕಷ್ಟವನ್ನು ತಮ್ಮದೆಂದು ಕಾಣುವ ಅನುಕಂಪ. ಕೊನೆಯದಾಗಿ ಕಟ್ಟಡ, ಪೀಠೋಪಕರಣ, ಯಂತ್ರ, ಉಡುಪು ಮುಂತಾದ ಕಣ್ಣಿಗೆ ಕಾಣುವ ಸಲಕರಣೆ.

ಈ ಐದರಲ್ಲಿ ಹಣ ಕೊಟ್ಟು ಒಂದೇ ದಿನದಲ್ಲಿ ತರಬಹುದಾದದ್ದು ಕೊನೆಯದು ಮಾತ್ರ. ಉಳಿದ ನಾಲ್ಕೂ ದುಡಿಯುವ ವ್ಯಕ್ತಿಯ ಒಳಗಿನಿಂದಲೇ ಬರಬೇಕು. ಆದರೂ ನಮ್ಮ ಸಂಸ್ಥೆಗಳು ಗುಣಮಟ್ಟ ಸುಧಾರಣೆಯೆಂದರೆ ಮೊದಲು ಕೈಹಾಕುವುದು ಆ ಕೊನೆಯದಕ್ಕೆ. ಗ್ರಾನೈಟ್ ಹಾಸುತ್ತಾರೆ, ಗಾಜಿನ ಬಾಗಿಲು ಹಾಕಿಸುತ್ತಾರೆ, ಗೋಡೆಯ ಮೇಲೆ ‘ಗ್ರಾಹಕನೇ ದೇವರು’ ಎಂಬ ಫಲಕ ತೂಗುಹಾಕುತ್ತಾರೆ. ಫಲಕದ ಕೆಳಗೆ ಕುಳಿತವರಿಗೆ ಎದುರು ನಿಂತ ಮುದುಕಿ ಮಾತ್ರ ಕಾಣುವುದಿಲ್ಲ!

ಈ ವಿದ್ವಾಂಸರು ಇನ್ನೊಂದು ಮುಖ್ಯ ಸಂಗತಿಯನ್ನೂ ತೋರಿಸಿದರು. ಜನರು ಬಯಸುವ ಸೇವೆಗೂ ಅವರಿಗೆ ದೊರೆಯುವ ಸೇವೆಗೂ ನಡುವೆ ಹಲವು ಕಂದಕಗಳಿರುತ್ತವೆ. ಅವುಗಳಲ್ಲೊಂದು, ಸಂಸ್ಥೆ ಬರೆದಿಟ್ಟ ನಿಯಮಕ್ಕೂ ಕಿಟಕಿಯಲ್ಲಿ ನಡೆಯುವ ಆಚರಣೆಗೂ ನಡುವಿನ ಕಂದಕ. ನಿಯಮ ಸರಿಯಾಗಿರುತ್ತದೆ, ಯಂತ್ರವೂ ಸರಿಯಾಗಿರುತ್ತದೆ, ಆದರೂ ಸೇವೆ ಕೆಡುತ್ತದೆ. ನನ್ನ ಅತ್ತೆ ಎರಡು ದಿನ ಬಿದ್ದದ್ದು ಈ ಕಂದಕದಲ್ಲಿಯೇ.

ಹದಿನೈದು ಸೆಕೆಂಡುಗಳ ಪರೀಕ್ಷೆ

ಈ ಕಂದಕವನ್ನು ಮುಚ್ಚಲು ಹೊರಟ ಒಂದು ಸಂಸ್ಥೆಯ ಕಥೆ ಪ್ರಸಿದ್ಧವಾಗಿದೆ. ಯುರೋಪಿನ ಉತ್ತರದ ಮೂರು ದೇಶಗಳು ಕೂಡಿ ನಡೆಸುತ್ತಿದ್ದ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಎಂಬ ವಿಮಾನ ಸಂಸ್ಥೆ 1981ರ ಹೊತ್ತಿಗೆ ನಷ್ಟದಲ್ಲಿತ್ತು. ಆಗ ಅದರ ಹೊಣೆ ಹೊತ್ತವರು ಯಾನ್ ಕಾರ್ಲ್‌ಜೋನ್. ಅವರು ಒಂದು ಸರಳ ಲೆಕ್ಕ ಹಾಕಿದರು. ವರ್ಷಕ್ಕೆ ಒಂದು ಕೋಟಿ ಪ್ರಯಾಣಿಕರು. ಪ್ರತಿಯೊಬ್ಬರೂ ಸಂಸ್ಥೆಯ ಸುಮಾರು ಐವರು ನೌಕರರನ್ನು ಎದುರುಗೊಳ್ಳುತ್ತಾರೆ. ಪ್ರತಿ ಭೇಟಿ ಸರಾಸರಿ ಹದಿನೈದು ಸೆಕೆಂಡು. ಹಾಗಾದರೆ ಸಂಸ್ಥೆ ಎಂಬುದು ಪ್ರಯಾಣಿಕರ ಮನಸ್ಸಿನಲ್ಲಿ ವರ್ಷಕ್ಕೆ ಐದು ಕೋಟಿ ಬಾರಿ, ಒಮ್ಮೆಗೆ ಹದಿನೈದು ಸೆಕೆಂಡಿನಂತೆ ಹುಟ್ಟುತ್ತದೆ. ಆ ಹೊತ್ತಿನಲ್ಲಿ ಅಲ್ಲಿ ಅಧ್ಯಕ್ಷರಿರುವುದಿಲ್ಲ, ವ್ಯವಸ್ಥಾಪಕರಿರುವುದಿಲ್ಲ; ಇರುವವರು ಟಿಕೆಟು ಕೊಡುವವರು, ಚೀಲ ಹೊರುವವರು, ಊಟ ಬಡಿಸುವವರು. ಈ ಕ್ಷಣಗಳನ್ನು ಅವರು ‘ಸತ್ಯದ ಕ್ಷಣಗಳು’ ಎಂದು ಕರೆದರು. 1987ರಲ್ಲಿ ಅದೇ ಹೆಸರಿನಲ್ಲಿ ಅವರ ಇಂಗ್ಲಿಷ್ ಪುಸ್ತಕವೂ ಹೊರಬಂದಿತು.

ಆ ಪುಸ್ತಕದಲ್ಲಿ ಬರುವ ಒಂದು ಘಟನೆ ಹೀಗಿದೆ. ಸ್ಟಾಕ್‌ಹೋಮಿನ ವಿಮಾನ ನಿಲ್ದಾಣಕ್ಕೆ ಬಂದ ಪ್ರಯಾಣಿಕರೊಬ್ಬರು ತಮ್ಮ ಟಿಕೆಟನ್ನು ಹೋಟೆಲಿನಲ್ಲಿಯೇ ಮರೆತಿದ್ದರು. ಟಿಕೆಟಿಲ್ಲದೆ ವಿಮಾನ ಹತ್ತುವಂತಿರಲಿಲ್ಲ. ಕೌಂಟರಿನ ನೌಕರರು ಅವರನ್ನು ಹಿಂದಕ್ಕೆ ಅಟ್ಟಲಿಲ್ಲ. ತಾತ್ಕಾಲಿಕ ಚೀಟಿ ಕೊಟ್ಟು, ಹೋಟೆಲಿಗೆ ದೂರವಾಣಿ ಮಾಡಿ, ಸಂಸ್ಥೆಯದೇ ಕಾರು ಕಳಿಸಿ, ವಿಮಾನ ಹೊರಡುವ ಮೊದಲೇ ಟಿಕೆಟು ತರಿಸಿಕೊಟ್ಟರು. ಇದರಲ್ಲಿ ಗಮನಿಸಬೇಕಾದದ್ದು ನೌಕರರ ಒಳ್ಳೆಯತನವೊಂದೇ ಅಲ್ಲ. ಹಾಗೆ ನಿರ್ಧರಿಸಲು ಮೇಲಿನವರ ಅಪ್ಪಣೆಗೆ ಕಾಯಬೇಕಾಗಿಲ್ಲವೆಂಬ ಧೈರ್ಯವನ್ನು ಸಂಸ್ಥೆ ಅವರಿಗೆ ಕೊಟ್ಟಿತ್ತು. ತನ್ನ ಗುರಿಗಳನ್ನು ತಿಳಿಸುವ ಒಂದು ಚಿಕ್ಕ ಕೆಂಪು ಹೊತ್ತಿಗೆಯನ್ನು ಅದು ಸುಮಾರು 20,000 ಮಂದಿ ನೌಕರರಲ್ಲಿ ಪ್ರತಿಯೊಬ್ಬರಿಗೂ ಹಂಚಿತ್ತು. ನಷ್ಟದಲ್ಲಿದ್ದ ಆ ಸಂಸ್ಥೆ 1983ರಲ್ಲಿ ವರ್ಷದ ಶ್ರೇಷ್ಠ ವಿಮಾನ ಸಂಸ್ಥೆಯೆಂಬ ಗೌರವ ಪಡೆಯಿತು.

ಹೊಣೆಯನ್ನು ಮಾತ್ರ ಹೊರಿಸಿ ಅಧಿಕಾರ ಕೊಡದೆ ಇದ್ದಲ್ಲಿ ನಿಷ್ಠೆ ಬಾಡುತ್ತದೆ. ‘ನಾಳೆ ಬರ್ರಿ’ ಎಂಬ ಉತ್ತರದ ಹಿಂದೆ ಎಷ್ಟೋ ಸಲ ಆಲಸ್ಯಕ್ಕಿಂತ ಹೆಚ್ಚಾಗಿ ಅಂಜಿಕೆ ಇರುತ್ತದೆ. ನಿಯಮ ಬಿಟ್ಟು ಒಂದು ಹೆಜ್ಜೆ ಇಟ್ಟರೆ ನಾಳೆ ವಿವರಣೆ ಕೇಳುವವರು ಬಹಳ. ನಿಯಮದ ಮರೆಯಲ್ಲಿ ಕುಳಿತು ಮುದುಕಿಯನ್ನು ಹಿಂದಕ್ಕೆ ಕಳಿಸಿದರೆ ಕೇಳುವವರು ಯಾರೂ ಇಲ್ಲ. ಇಂಥ ಕಚೇರಿಯಲ್ಲಿ ಒಳ್ಳೆಯವರೂ ಕ್ರಮೇಣ ಕಲ್ಲಾಗುವುದು ಆಶ್ಚರ್ಯವೇ?

ಮಧುರೆಯ ಕಣ್ಣಾಸ್ಪತ್ರೆ

ನೌಕರರಿಗೆ ಸ್ವಾತಂತ್ರ್ಯ ಕೊಟ್ಟುಬಿಟ್ಟರೆ ಸಾಕೇ ಎಂದು ಕೇಳಿದರೆ, ಸಾಲದೆಂಬ ಉತ್ತರ ನಮ್ಮ ನೆರೆಯ ತಮಿಳುನಾಡಿನಲ್ಲಿಯೇ ಇದೆ. ಮಧುರೆಯ ಅರವಿಂದ ಕಣ್ಣಾಸ್ಪತ್ರೆಯ ಹೆಸರನ್ನು ತಾವು ಕೇಳಿರಬಹುದು. ಅದನ್ನು ಕಟ್ಟಿದವರು ಡಾ. ಜಿ. ವೆಂಕಟಸ್ವಾಮಿ (1918–2006). ತಾರುಣ್ಯದಲ್ಲಿ ಸೈನ್ಯದ ವೈದ್ಯಕೀಯ ದಳದಲ್ಲಿದ್ದಾಗ ತೀವ್ರವಾದ ಸಂಧಿವಾತ ಅವರನ್ನು ಹಾಸಿಗೆ ಹಿಡಿಸಿತು, ಕೈಬೆರಳುಗಳು ಸೊಟ್ಟಗಾದವು. ಆ ಬೆರಳುಗಳಿಗೆ ಹಟದಿಂದ ಶಸ್ತ್ರ ಹಿಡಿಯುವುದನ್ನು ಕಲಿಸಿ ಅವರು ನೇತ್ರತಜ್ಞರಾದರು. ಸರ್ಕಾರಿ ಸೇವೆಯಿಂದ 58ನೆಯ ವಯಸ್ಸಿನಲ್ಲಿ ನಿವೃತ್ತರಾದಾಗ, 1976ರಲ್ಲಿ, ಕೇವಲ 11 ಹಾಸಿಗೆಗಳಿಂದ ಈ ಆಸ್ಪತ್ರೆಯನ್ನು ಆರಂಭಿಸಿದರು. ಇಂದು ಅದು ತಮಿಳುನಾಡು, ಪುದುಚೇರಿ ಮತ್ತು ಆಂಧ್ರಪ್ರದೇಶಗಳಲ್ಲಿ ಹರಡಿ, ವರ್ಷಕ್ಕೆ ಲಕ್ಷಗಟ್ಟಲೆ ಶಸ್ತ್ರಚಿಕಿತ್ಸೆ ಮಾಡುವ ಸಂಸ್ಥೆಯಾಗಿದೆ. ಹಣ ಕೊಡಬಲ್ಲವರಿಂದ ಬಂದ ಆದಾಯದಲ್ಲಿ ಕೊಡಲಾರದವರ ಕಣ್ಣಿನ ಪೊರೆ ತೆಗೆಯುವುದು ಅಲ್ಲಿನ ಕ್ರಮ.

ಅಷ್ಟೊಂದು ಜನರಿಗೆ ಚಿಕಿತ್ಸೆ ಮಾಡಿದರೆ ಗುಣಮಟ್ಟ ಕುಸಿಯುವುದಿಲ್ಲವೇ? ಕುಸಿಯದಂತೆ ಅವರು ಕೆಲಸವನ್ನೇ ಕ್ರಮಬದ್ಧವಾಗಿ ಹಂಚಿದ್ದಾರೆ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ವೈದ್ಯರ ಬಳಿ ಎರಡು ಮೇಜುಗಳಿರುತ್ತವೆ. ಒಂದರ ಮೇಲಿನ ರೋಗಿಗೆ ಶಸ್ತ್ರಚಿಕಿತ್ಸೆ ನಡೆಯುವಾಗಲೇ ಇನ್ನೊಂದರ ಮೇಲಿನ ರೋಗಿಯನ್ನು ದಾದಿಯರು ಸಿದ್ಧಗೊಳಿಸುತ್ತಾರೆ. ಒಂದು ಮುಗಿದೊಡನೆ ವೈದ್ಯರು ಸೂಕ್ಷ್ಮದರ್ಶಕವನ್ನು ಇತ್ತ ತಿರುಗಿಸಿದರಾಯಿತು. ವೈದ್ಯರು ಮಾತ್ರ ಮಾಡಬಲ್ಲ ಕೆಲಸವನ್ನು ವೈದ್ಯರು ಮಾಡುತ್ತಾರೆ; ತಪಾಸಣೆ, ಅಳತೆ, ಸಾಂತ್ವನ, ಆರೈಕೆ ಮುಂತಾದ ಇನ್ನುಳಿದ ಬಹುಪಾಲು ಕೆಲಸ ತರಬೇತಾದ ಸಿಬ್ಬಂದಿಯದು.

ಈ ಸಿಬ್ಬಂದಿ ಯಾರು? ಬಹುಮಟ್ಟಿಗೆ ಸುತ್ತಲಿನ ಹಳ್ಳಿಗಳಿಂದ ಬಂದ, ಶಾಲೆಯ ವಿದ್ಯಾಭ್ಯಾಸ ಮುಗಿಸಿದ ಹೆಣ್ಣುಮಕ್ಕಳು. ಆರಿಸುವಾಗ ಅಂಕಗಳಿಗಿಂತ ಸ್ವಭಾವವನ್ನು, ಮನೆತನದ ದುಡಿಮೆಯ ಸಂಸ್ಕಾರವನ್ನು ನೋಡುತ್ತಾರೆ. ಆ ಬಳಿಕ ಎರಡು ವರ್ಷ ಆಸ್ಪತ್ರೆಯಲ್ಲಿಯೇ ತರಬೇತಿ. ಹಳ್ಳಿಯ ಮುದುಕರು ಕಣ್ಣು ಕಟ್ಟಿಕೊಂಡು ಹೆದರಿ ಕುಳಿತಾಗ ಅವರದೇ ಮಾತಿನಲ್ಲಿ ಧೈರ್ಯ ಹೇಳಬಲ್ಲವರು ಇವರೇ ಅಲ್ಲವೇ? ಸಂಸ್ಥೆ ಹುಡುಕಿದ್ದು ಸಿದ್ಧವಾದ ಕೌಶಲವನ್ನಲ್ಲ, ಸಿದ್ಧವಾದ ಮನಸ್ಸನ್ನು. ಕೌಶಲವನ್ನು ತಾನೇ ಕಲಿಸಿಕೊಂಡಿತು.

ಇನ್ನೆರಡು ಸಂಗತಿಗಳನ್ನು ವಿಶೇಷವಾಗಿ ಗಮನಿಸಬೇಕು. ಹಣ ಕೊಟ್ಟವರಿಗೆ ನುರಿತ ವೈದ್ಯರು, ಧರ್ಮಾರ್ಥ ಬಂದವರಿಗೆ ಕಲಿಯುವವರು ಎಂಬ ಭೇದವನ್ನು ಅಲ್ಲಿ ಇಟ್ಟುಕೊಂಡಿಲ್ಲ. ಅದೇ ವೈದ್ಯರು ಎರಡೂ ಕಡೆ ಸರದಿಯಂತೆ ದುಡಿಯುತ್ತಾರೆ. ಕೋಣೆಯ ಸೌಕರ್ಯದಲ್ಲಿ ಹೆಚ್ಚುಕಡಿಮೆ ಇರಬಹುದು, ಕಣ್ಣಿನ ವಿಷಯದಲ್ಲಿ ಇಲ್ಲ. ಎರಡನೆಯದಾಗಿ, ಪ್ರತಿ ಶಸ್ತ್ರಚಿಕಿತ್ಸೆಯ ಫಲಿತಾಂಶವನ್ನು ಬರೆದಿಡುತ್ತಾರೆ. ತೊಡಕಾದ ಪ್ರಕರಣಗಳನ್ನು ಮುಚ್ಚಿಡದೆ ಒಟ್ಟಾಗಿ ಕುಳಿತು ಚರ್ಚಿಸುತ್ತಾರೆ. ತಪ್ಪು ಮಾಡಿದವರನ್ನು ಹಿಡಿಯುವುದಕ್ಕಿಂತ ತಪ್ಪಿನ ಮೂಲವನ್ನು ಹಿಡಿಯುವುದು ಅಲ್ಲಿ ಮುಖ್ಯ. ಹೀಗಾಗಿ ಅಲ್ಲಿನ ನಿಷ್ಠೆ ಕೇವಲ ಭಾವನೆಯಾಗಿ ಉಳಿದಿಲ್ಲ, ದಿನನಿತ್ಯದ ಪದ್ಧತಿಯಾಗಿದೆ. ಭಾವನೆ ಒಬ್ಬರೊಡನೆ ಬರುತ್ತದೆ, ಅವರೊಡನೆಯೇ ಹೋಗಿಬಿಡಬಹುದು, ಪದ್ಧತಿ ಉಳಿಯುತ್ತದೆ.

ಕಾನೂನು ಮಾಡಬಲ್ಲದ್ದು, ಮಾಡಲಾರದ್ದು

ನಮ್ಮ ರಾಜ್ಯದಲ್ಲಿ ಸರ್ಕಾರಿ ಕಚೇರಿಗಳ ಸೇವೆಯನ್ನು ಸುಧಾರಿಸಲು ‘ಸಕಾಲ’ ಎಂಬ ಕಾನೂನು 2011ರಲ್ಲಿ ರೂಪುಗೊಂಡು, 2012ರ ಏಪ್ರಿಲಿನಿಂದ ರಾಜ್ಯದಾದ್ಯಂತ ಜಾರಿಗೆ ಬಂದಿತು. ಜಾತಿ, ಆದಾಯ ಪ್ರಮಾಣಪತ್ರಗಳಿಂದ ಹಿಡಿದು ಹಲವಾರು ಸೇವೆಗಳಿಗೆ ಇಷ್ಟು ದಿನವೆಂಬ ಗಡುವು ಗೊತ್ತಾಯಿತು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರರಿಗೆ ಪರಿಹಾರ ಕೊಡಬೇಕು. ಆ ಹಣ ತಪ್ಪಿತಸ್ಥ ಅಧಿಕಾರಿಯಿಂದ ವಸೂಲಾಗಬೇಕು. ಅರ್ಜಿ ಎಲ್ಲಿದೆಯೆಂದು ತಿಳಿಯಲು ಒಂದು ಸಂಖ್ಯೆಯೂ ದೊರೆಯುವಂತಾಯಿತು. ಇದು ಸಾಮಾನ್ಯ ಉಪಕಾರವಲ್ಲ. ‘ದಯಮಾಡಿ’ ಎಂದು ಕೈಮುಗಿದು ನಿಲ್ಲುತ್ತಿದ್ದ ಪ್ರಜೆಗೆ ‘ಇದು ನನ್ನ ಹಕ್ಕು’ ಎಂದು ಹೇಳುವ ಬಲ ಬಂದಿತು.

ಆದರೂ ಕಾನೂನಿಗೆ ಒಂದು ಎಲ್ಲೆಯಿದೆ. ಅದು ದಿನಗಳನ್ನು ಎಣಿಸಬಲ್ಲದು, ದನಿಯನ್ನು ತೂಗಲಾರದು. ಹದಿನೈದನೆಯ ದಿನ ಪತ್ರ ಕೈಗೆ ಬಂದಿತೇ ಎಂದು ಕೇಳಬಲ್ಲದು. ಓದು ಬಾರದವರಿಗೆ ಅರ್ಜಿಯನ್ನು ವಿವರಿಸಿ ಹೇಳಿದರೇ ಎಂದು ಕೇಳಲಾರದು. ಕಾನೂನು ಮುಗಿಯುವ ಸ್ಥಳದಿಂದ ಮುಂದೆ ನಡೆಯುವುದು ನೌಕರರ ಸ್ವಇಚ್ಛೆಯ ದುಡಿಮೆ. ಅದನ್ನು ದಂಡದಿಂದ ಪಡೆಯಲಾಗದು.

ನಮ್ಮ ನಾಡಿನ ಮನೆಗಳಿಗೆ ಈ ಮಾತು ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹಲವರು ತಮ್ಮ ಕಸುಬಿನ ಹೆಸರಿನಿಂದಲೇ ಪ್ರಸಿದ್ಧರು. ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ಹಡಪದ ಅಪ್ಪಣ್ಣನವರು ಇವರೆಲ್ಲರದೂ ಇಂದಿನ ಮಾತಿನಲ್ಲಿ ಹೇಳುವುದಾದರೆ ಸೇವಾವೃತ್ತಿಯೇ. ದೋಣಿಯಲ್ಲಿ ಕುಳಿತವನು ಅಂಬಿಗನ ಕೆಲಸವನ್ನು ಮೊದಲೇ ಪರೀಕ್ಷಿಸಲಾರ. ನಡುಹೊಳೆಯಲ್ಲಿ ನಂಬಿಕೆಯೊಂದೇ ಅವನ ಆಸರೆ. ಅಂಥ ಕಸುಬನ್ನು ಕಾಯಕವೆಂದು ಎತ್ತರಕ್ಕೇರಿಸಿದ ಪರಂಪರೆಯಲ್ಲಿ ಹುಟ್ಟಿದ ನಾವು ಕೌಂಟರಿನ ಕೆಲಸವನ್ನು, ವಾರ್ಡಿನ ಕೆಲಸವನ್ನು ಕೀಳೆಂದು ಬಗೆಯುವುದು ಎಷ್ಟು ಸರಿ?

ನೌಕರರ ಕಡೆಯ ಮಾತು

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಕಾಯಕ, ನಿಷ್ಠೆ, ಸಮರ್ಪಣೆ ಎಂಬ ದೊಡ್ಡ ಶಬ್ದಗಳನ್ನು ಬಾಯಿತುಂಬ ಆಡಿ ಅರ್ಧ ಸಂಬಳಕ್ಕೆ ಇಮ್ಮಡಿ ದುಡಿಸಿಕೊಳ್ಳುವ ಸಂಸ್ಥೆಗಳಿಗೂ ಕೊರತೆಯಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ ಅವರು ವಿಮಾನದ ಪರಿಚಾರಿಕೆಯರ ಬದುಕನ್ನು ಅಭ್ಯಸಿಸಿ 1983ರಲ್ಲಿ ಒಂದು ಗ್ರಂಥ ಬರೆದರು. ಹೊರೆ ಹೊರುವುದು ಹೇಗೆ ದೇಹದ ಶ್ರಮವೋ ಹಾಗೆಯೇ ಒಳಗೆ ಏನೇ ಇದ್ದರೂ ಹೊರಗೆ ನಗುತ್ತಿರಬೇಕಾದದ್ದು ಭಾವನೆಯ ಶ್ರಮವೆಂದು ಅವರು ತೋರಿಸಿಕೊಟ್ಟರು. ಆ ಶ್ರಮಕ್ಕೂ ದಣಿವುಂಟು, ಅದಕ್ಕೂ ವಿಶ್ರಾಂತಿ ಬೇಕು. ಮೇಲಿನವರಿಂದ ಬೈಗುಳ ತಿಂದು ಬಂದ ದಾದಿ ಹಾಸಿಗೆಯ ಮೇಲಿನ ರೋಗಿಗೆ ಎಷ್ಟು ದಿನ ಸಿಹಿಯಾಗಿ ಮಾತನಾಡಿಯಾಳು? ಒಳಗೆ ಹರಿದು ಬಂದದ್ದೇ ಹೊರಗೆ ಹರಿಯುತ್ತದೆ.

‘ನಾಳೆ ಬರ್ರಿ’ ಎಂದ ಆ ಮೊದಲ ಗುಮಾಸ್ತರನ್ನೂ ನಾನು ಸುಮ್ಮನೆ ದೂರಲಾರೆ. ಮೂವರು ಮಾಡುವ ಕೆಲಸವನ್ನು ಅವರೊಬ್ಬರೇ ಮಾಡುತ್ತಿದ್ದರೆಂಬುದು ನನಗೆ ಆಮೇಲೆ ತಿಳಿಯಿತು. ನವೆಂಬರಿನ ಸಾಲು ಬಾಗಿಲಿನ ಹೊರಗೂ ಹಬ್ಬಿತ್ತು. ಸಾಲಿನಲ್ಲಿದ್ದ ನಾವೂ ಮೃದುವಾಗಿ ಮಾತನಾಡುತ್ತಿರಲಿಲ್ಲ. ಅವರಿಗೆ ಯಂತ್ರ ನಡೆಸುವುದನ್ನು ಕಲಿಸಿದ್ದರೇ ಹೊರತು, ಯಂತ್ರ ನಡೆಯದಿದ್ದಾಗ ಏನು ಮಾಡಬೇಕೆಂಬುದನ್ನು ಯಾರೂ ಕಲಿಸಿರಲಿಲ್ಲ.

ನಾವೇನು ಮಾಡಬಹುದು?

ಇದೆಲ್ಲ ದೊಡ್ಡ ಸಂಸ್ಥೆಗಳ ವ್ಯವಸ್ಥಾಪಕರಿಗೆ ಹೇಳಬೇಕಾದ ಮಾತು, ನಮಗೇಕೆ ಎಂದು ತಾವು ಕೇಳಬಹುದು. ಆದರೆ ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಶಾಲೆ, ವಿದ್ಯಾರ್ಥಿನಿಲಯ, ಆಸ್ಪತ್ರೆ, ಸಹಕಾರಿ ಬ್ಯಾಂಕುಗಳ ಆಡಳಿತ ಮಂಡಳಿಯಲ್ಲಿರುವ ಹಿರಿಯರು ಎಷ್ಟೋ ಜನರಿದ್ದಾರೆ. ಅಂಥ ಕಡೆ ದುಡಿಯುವ ಮಕ್ಕಳೂ ಸೊಸೆಯಂದಿರೂ ಇದ್ದಾರೆ. ಇನ್ನು ಸೇವೆ ಪಡೆಯುವವರಂತೂ ನಾವೆಲ್ಲರೂ ಹೌದು.

ಆಡಳಿತ ಮಂಡಳಿಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು. ನೇಮಕ ಮಾಡುವಾಗ ಪ್ರಮಾಣಪತ್ರದೊಡನೆ ಮನುಷ್ಯರನ್ನೂ ನೋಡಿರಿ. ಶಿಫಾರಸಿನ ಚೀಟಿಯನ್ನು ಮಾತ್ರ ನೋಡಬೇಡಿರಿ. ನೇಮಿಸಿದ ಮೇಲೆ ಕಲಿಸಿರಿ. ಸಣ್ಣ ನಿರ್ಧಾರಗಳನ್ನು ಕೈಗೊಳ್ಳುವ ಅಧಿಕಾರವನ್ನು ಎದುರಿಗೆ ನಿಲ್ಲುವ ನೌಕರರಿಗೇ ಬಿಟ್ಟುಕೊಡಿರಿ. ಸಂಬಳವನ್ನು ತಿಂಗಳ ಗೊತ್ತಾದ ದಿನ ತಪ್ಪದೆ ಕೊಡಿರಿ. ಮೂರು ತಿಂಗಳ ಬಾಕಿ ಇಟ್ಟುಕೊಂಡು ನಿಷ್ಠೆಯ ಉಪನ್ಯಾಸ ಮಾಡುವುದು ಶೋಭಿಸುವುದಿಲ್ಲ. ವಿದ್ಯಾರ್ಥಿನಿಲಯದ ಅಡುಗೆಯವರನ್ನು ವರ್ಷಕ್ಕೊಮ್ಮೆ ಶಾಲು ಹೊದಿಸಿ ಸನ್ಮಾನಿಸುವುದಕ್ಕಿಂತ, ತಿಂಗಳಿಗೊಮ್ಮೆ ಕೂಡಿಸಿಕೊಂಡು ‘ಅಡುಗೆಮನೆಯಲ್ಲಿ ಏನು ಕೊರತೆಯಿದೆ?’ ಎಂದು ಕೇಳುವುದು ಹೆಚ್ಚಿನ ಗೌರವ. ಕೊರತೆಯನ್ನು ಮೊದಲು ಕಾಣುವವರು ಅವರೇ.

ದುಡಿಯುವ ತರುಣ ತರುಣಿಯರಿಗೆ ಹೇಳುವುದು ಇಷ್ಟೇ. ನಿಮ್ಮ ಮುಂದೆ ನಿಂತವರಿಗೆ ನೀವೇ ಆ ಸಂಸ್ಥೆ. ನಿಮಗೆ ಅವರು ದಿನದ ನೂರನೆಯವರಿರಬಹುದು. ಅವರಿಗೆ ನೀವು ಅಂದಿನ ಒಬ್ಬರೇ. ಕೆಲಸ ಆಗುವುದಿಲ್ಲವೆಂದು ಹೇಳಬೇಕಾಗಿ ಬಂದರೂ, ಏಕೆ ಆಗುವುದಿಲ್ಲ, ಎಲ್ಲಿ ಆಗುತ್ತದೆ ಎಂಬ ಎರಡು ಮಾತು ಸೇರಿಸಿರಿ.

ಇನ್ನು ಸೇವೆ ಪಡೆಯುವ ನಾವು. ಕೆಟ್ಟ ಸೇವೆಗೆ ದೂರು ಬರೆಯುವುದು ನಮ್ಮ ಹಕ್ಕು. ಅದನ್ನು ಸಂಕೋಚವಿಲ್ಲದೆ ಬಳಸೋಣ. ಆದರೆ ಒಳ್ಳೆಯ ಸೇವೆ ದೊರೆತಾಗ ಮೇಲಧಿಕಾರಿಗಳಿಗೆ ನಾಲ್ಕು ಸಾಲಿನ ಪತ್ರ ಬರೆದವರು ನಮ್ಮಲ್ಲಿ ಎಷ್ಟು ಮಂದಿ? ಮಕ್ಕಳ ಎದುರಿಗೆ ಬಸ್ ನಿರ್ವಾಹಕರನ್ನು, ಮನೆಗೆಲಸದವರನ್ನು ಏಕವಚನದಲ್ಲಿ ಗದರಿಸುವ ನಾವು, ಅದೇ ಮಕ್ಕಳು ನಾಳೆ ಆಸ್ಪತ್ರೆಯಲ್ಲಿ ವಿನಯದಿಂದ ದುಡಿಯಬೇಕೆಂದು ಬಯಸುವುದು ಹೇಗೆ? ಸೇವೆಯ ಮೊದಲ ತರಬೇತಿ ನಡೆಯುವುದು ನಮ್ಮ ಮನೆಯ ಹೊಸ್ತಿಲಿನಲ್ಲಿಯೇ.

ಮರುವರ್ಷ ನವೆಂಬರಿನಲ್ಲಿ ಅತ್ತೆಯನ್ನು ಮತ್ತೆ ಬ್ಯಾಂಕಿಗೆ ಕರೆದೊಯ್ದೆ. “ಆ ಹುಡುಗಿ ಅದಾಳೇನು ನೋಡೊ” ಎಂದು ಬಾಗಿಲಲ್ಲಿಯೇ ಕೇಳಿದರು. ಆಕೆಗೆ ಬೇರೆ ಊರಿಗೆ ವರ್ಗವಾಗಿತ್ತು. ಕಿಟಕಿಯ ಆಚೆ ಕುಳಿತಿದ್ದವರು ಹಿಂದಿನ ವರ್ಷದ ಆ ಮೊದಲ ಗುಮಾಸ್ತರೇ. ಅತ್ತೆಯ ಮುಖ ಬಾಡಿತು. ಆದರೆ ಯಂತ್ರದ ಪಕ್ಕದಲ್ಲಿ ಒಂದು ಸ್ಪಂಜಿನ ಡಬ್ಬಿ, ಮಡಿಸಿಟ್ಟ ಒಂದು ಬಿಳಿಯ ಬಟ್ಟೆ, ವಯಸ್ಸಾದವರಿಗೆಂದು ಹಾಕಿದ ಎರಡು ಕುರ್ಚಿಗಳಿದ್ದವು. ಬೆರಳು ಬಾರದಿದ್ದರೆ ತುಂಬಿಸಲು ಕಾಗದದ ಅರ್ಜಿಗಳನ್ನೂ ಒಂದು ಕಟ್ಟು ಮಾಡಿ ಇಟ್ಟಿದ್ದರು. ಗುಮಾಸ್ತರು ಅತ್ತೆಯನ್ನು ನೋಡಿ, “ಕೂಡ್ರಿ ಅಮ್ಮಾರ, ಎಡಗೈ ಉಂಗುರದ ಬಟ್ಟಲ್ಲೇನ್ರಿ ನಿಮ್ದು?” ಎಂದು ಕೇಳಿದರು.

ಹೋದವಳು ತನ್ನ ಒಳ್ಳೆಯತನವನ್ನು ತನ್ನೊಡನೆ ಒಯ್ದಿರಲಿಲ್ಲ; ಅಲ್ಲಿಯೇ ಕಲಿಸಿ ಹೋಗಿದ್ದಳು. ಕಲಿತವರೂ ಸಂಕೋಚಪಡದೆ ಕಲಿತಿದ್ದರು. ನಮ್ಮ ನಮ್ಮ ಕೆಲಸದ ಸ್ಥಳಗಳಲ್ಲಿ, ನಾವು ಅಲ್ಲಿಂದ ಎದ್ದು ಹೋದ ಮೇಲೆಯೂ ಉಳಿಯುವಂಥ ಇಂಥದೊಂದು ಒಳ್ಳೆಯ ರೂಢಿಯನ್ನು ಬಿಟ್ಟುಹೋಗಲು ಪ್ರತಿಯೊಬ್ಬರೂ ಪ್ರಯತ್ನಿಸೋಣ. ಅತ್ತೆ ಅಂದು ಮನೆಗೆ ಬಂದು ಹೊಟ್ಟೆತುಂಬ ಊಟ ಮಾಡಿದರು.